ಕೆಂಪು ವೈರು ಬಲಕ್ಕೆ

ಜನವರಿ ೧೫, ೧೯೮೬, ಬುಧವಾರ

ಹಾಲಿನ ಸೊಸೈಟಿಯವರು ಕೊಟ್ಟ ಈ ಡೈರಿಯಲ್ಲಿ ಮೊದಲ ಹದಿನಾಲ್ಕು ಪುಟ ಖಾಲಿ ಬಿಟ್ಟಿದ್ದೇನೆ. ಸಂಕ್ರಾಂತಿ ಕಳೆಯದೆ ಯಾವುದನ್ನೂ ಶುರು ಮಾಡಬಾರದು. ಕೋಗಿಲು ಊರಿನ ಶಾಲೆಯಲ್ಲಿ ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಬಂದರೆ ಈಗಲೂ ಕೈ ಹಿಂದೆ ಮುಂದೆ ನೋಡುತ್ತದೆ. ಆದರೂ ಬರೆಯುತ್ತೇನೆ. ಮನೆಯವರ ಹತ್ತಿರ ಹೇಳಿದ ಮಾತು ಸಂಜೆಯೊಳಗೆ ಯಲಹಂಕ ಸಂತೆ ತಲುಪುತ್ತದೆ. ಪುಸ್ತಕಕ್ಕೆ ಹೇಳಿದ್ದು ನನ್ನ ಟ್ರಂಕಿನಲ್ಲಿರುತ್ತದೆ.

ಮೊಮ್ಮಗಳು ವನಜಾಕ್ಷಿಯ ಮದುವೆ ಫೆಬ್ರವರಿ ಇಪ್ಪತ್ತನೇ ತಾರೀಕು. ಛತ್ರ ಆಯಿತು, ಅಡುಗೆಯವರು ಆದರು, ಓಲಗದವರು ಆದರು. ಸೋಬಾನೆ ಯಾರು ಹಾಡುತ್ತಾರೆ ಎಂದು ಮಾತ್ರ ಯಾರೂ ಬಾಯಿ ಬಿಡಲಿಲ್ಲ. ನಲವತ್ತು ವರ್ಷದಿಂದ ಈ ಸುತ್ತಿನ ಮದುವೆಗಳಲ್ಲಿ ಹಸೆಯ ಪಕ್ಕ ಕೂತು ಹಾಡು ಎತ್ತುವವಳು ನಾನು. ನಾನು ಬಿಟ್ಟ ಸಾಲು ಹಿಡಿದು ಸೊಲ್ಲು ತೆಗೆದುಕೊಳ್ಳುವವಳು ನನ್ನ ವಾರಗಿತ್ತಿ, ಕೋಗಿಲು ಕೃಷ್ಣಮ್ಮ. ಓಲಗದ ಡೋಲಿನವನು ಮೆಲ್ಲಗೆ ಏಟು ಹಾಕಿಕೊಂಡು ಜೊತೆಗೆ ಬರುತ್ತಾನೆ. ಅದು ನಮ್ಮ ಪದ್ಧತಿ.

ಕಾರ್ತಿಕದಲ್ಲಿ ಕೋಗಿಲಿನ ಒಂದು ಮದುವೆಯಲ್ಲಿ ಈ ಕೃಷ್ಣಮ್ಮ ಹಾಡು ನಡುವೆ ನಿಲ್ಲಿಸಿ, ನೂರು ಜನರ ಎದುರಿಗೆ, "ಅಕ್ಕ, ಡೋಲು ಒಂದ್ಕಡೆ ಓಗ್ತಾ ಐತೆ, ನೀನೊಂದ್ಕಡೆ ಓಗ್ತಾ ಇದೀಯ. ನಿಂಗೆ ಕಿವಿ ಕೇಳ್ತಿಲ್ಲ ಕಣಕ್ಕ" ಎಂದಳು. ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟಿದ್ದೇನೆ.

ಇವತ್ತು ನನ್ನ ಮಗ ಮುನಿಆಂಜಿನಪ್ಪ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು ಹೇಳಿದ: "ಅವ್ವ, ಈಗ ಸೋಬಾನೆ ಕ್ಯಾಸೆಟ್ಟೇ ಸಿಗ್ತವೆ. ಮೈಕ್ ಸೆಟ್‌ನೋರೇ ಹಾಕ್ತಾರೆ. ನೀನು ಆರಾಮಾಗಿ ಮುಂದಿನ ಕುರ್ಚೀಲಿ ಕೂತ್ಕೊ."

"ನಿಮ್ಮಪ್ಪನ್ನೂ ಕ್ಯಾಸೆಟ್ಟಲ್ಲಿ ತುಂಬಿಸಿ ಧಾರೆ ಎರೆಸ್ಬಿಡು" ಎಂದೆ. ಅವನು ಆಮೇಲೆ ಮಜ್ಜಿಗೆಗೂ ಕಾಯಲಿಲ್ಲ.

ಬರೆದಿಡುತ್ತೇನೆ. ವನಜಾಕ್ಷಿ ಹಸೆಗೆ ಕೂತಾಗ ನಾನೇ ಹಾಡುತ್ತೇನೆ. ಒಂದು ಸೊಲ್ಲು ತಪ್ಪಿದರೂ ಅವತ್ತಿಗೆ ಹಾಡು ಮುಗಿಯಿತು, ಇನ್ನು ಯಾರ ಮನೆಯ ಹಸೆಯ ಹತ್ತಿರಕ್ಕೂ ಹೋಗುವುದಿಲ್ಲ. ನನ್ನ ಕಿವಿಗೆ ಏನೂ ಆಗಿಲ್ಲ. ಈಗಿನವರು ತುಟಿ ಬಿಚ್ಚಿ ಮಾತಾಡುವುದಿಲ್ಲ, ಅಷ್ಟೆ. ನಾನು ಯಾರನ್ನೂ "ಏನಂದೆ" ಎಂದು ಎರಡನೇ ಸಲ ಕೇಳಿದವಳಲ್ಲ. ಒಂದೇ ಸಲಕ್ಕೆ ಕೇಳಿಸದ ಮಾತಿನಲ್ಲಿ ಏನು ಹುರುಳಿರುತ್ತದೆ.

ಜನವರಿ ೧೮, ಶನಿವಾರ

ಅಭ್ಯಾಸಕ್ಕೆ ದಾರಿ ಸಿಕ್ಕಿತು. ಮೂರು ವರ್ಷದ ಹಿಂದೆ ಕೃಷ್ಣಮ್ಮನ ಮಗಳ ಮದುವೆಯಲ್ಲಿ ಮೈಕ್ ಸೆಟ್‌ನವನು ನಮ್ಮ ಹಾಡನ್ನು ಕ್ಯಾಸೆಟ್ಟಿಗೆ ಹಿಡಿದು ಕೊಟ್ಟಿದ್ದ. ನಾನು, ಅವಳು, ಹಿಂದೆ ಡೋಲು. ಅದನ್ನು ಹಾಕುವ ಯಂತ್ರ ನಮ್ಮ ಮನೆಯಲ್ಲಿಲ್ಲ, ಆದರೆ ಮಗನ ಅಂಬಾಸಿಡರ್ ಟ್ಯಾಕ್ಸಿಯಲ್ಲಿದೆ. ಗಿರಾಕಿಗಳಿಗೆ ಬೇಜಾರಾಗಬಾರದೆಂದು ಹೋದ ವರ್ಷ ಹಾಕಿಸಿದ್ದು. ಇವತ್ತು ಮಧ್ಯಾಹ್ನ ಅವನು ಮಲಗಿದ್ದಾಗ ಬೀಗದ ಕೈ ತೆಗೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂತೆ. ವನಜಾಕ್ಷಿ ಕ್ಯಾಸೆಟ್ ಹಾಕಿಕೊಟ್ಟಳು.

ತಲೆಯ ಹಿಂದಿನ ಹಲಗೆಯಲ್ಲಿರುವ ಎರಡು ಸ್ಪೀಕರಿನಿಂದ ಬಂದ ಸದ್ದು ಹೇಗಿತ್ತೆಂದರೆ, ಗಂಟಲು ಕಟ್ಟಿದ ಕೋಳಿ ಗೋಣಿಚೀಲದೊಳಗೆ ಕೂಗಿದ ಹಾಗೆ. ಡೋಲು ಇಲ್ಲವೇ ಇಲ್ಲ. ಡಿಕ್ಕಿ ತೆಗೆಸಿ ಕೆಳಗಿನಿಂದ ನೋಡಿದೆ. ಒಂದರ ಕಾಗದ ಅರ್ಧ ಇಲ್ಲ. ಇಲಿ. ಈ ಮಹರಾಯ ಟ್ಯಾಕ್ಸಿಯಲ್ಲಿ ರಾಗಿ ಮೂಟೆ ಸಾಗಿಸಿದರೆ ಇಲಿ ಬರದೆ ದೇವರು ಬರುತ್ತಾನೆಯೇ.

ಎರಡು ಗಂಟೆ ಕೇಳಿದೆ. ಸಂಜೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಇಳಿದು ಹೋಗಿತ್ತಂತೆ. ನಮ್ಮ ಯಜಮಾನರು (ಹೆಸರು ಇಲ್ಲಿಯೂ ಬರೆಯುವುದಿಲ್ಲ) ಬೀಡಿ ಕಚ್ಚಿಕೊಂಡೇ ಹಿಂದಿನಿಂದ ತಳ್ಳಿದರು. ತಳ್ಳುತ್ತಾ ನನ್ನ ಕಡೆ ತಿರುಗಿ ಕಿರುಚಿದರು. ಇತ್ತೀಚೆಗೆ ಅವರು ಮಾತೆಲ್ಲ ಕಿರುಚಿಯೇ ಆಡುತ್ತಾರೆ. ವಯಸ್ಸಾದ ಮೇಲೆ ಕೋಪ ಹೆಚ್ಚು.

ರಾತ್ರಿ ಮಗನಿಗೆ ಹೇಳಿದೆ: "ಅದೇ ಗಾಡೀಲಿ ಹೆಣ್ಣು ಗಂಡನ ಮನೆಗೆ ಓಗ್ಬೇಕು. ಮೂಕ ಗಾಡೀಲಿ ಕಳಿಸ್ತೀಯ?"

"ಅವ್ವ, ಚಪ್ಪರಕ್ಕೆ ಇನ್ನೂ ಹೇಳಿಲ್ಲ. ಸ್ಪೀಕರ್ ಅಂತೀಯಲ್ಲ."

"ಚಪ್ಪರ ಒಂದು ದಿನ ಇರ್ತದೆ. ಸ್ಪೀಕರ್ ಗಾಡಿ ಇರೋಗಂಟ ಇರ್ತದೆ."

ಸೊಸೆ ಪಿಳ್ಳಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಲ್ಲಿಗೆ ಅವನು ಒಪ್ಪಿದ ಹಾಗೆ.

ಜನವರಿ ೨೨, ಬುಧವಾರ

ಗಂಗಾನಗರಕ್ಕೆ ಹೋಗಿದ್ದೆವು. ಕಾರಿನ ರೇಡಿಯೋ ರಿಪೇರಿ ನೂರುಲ್ಲಾನ ಅಂಗಡಿ. ಹೆಬ್ಬಾಳದಿಂದ ಈಚೆಗೆ ಟ್ಯಾಕ್ಸಿಯವರೆಲ್ಲ ಅವನ ಹತ್ತಿರವೇ ಹೋಗುವುದಂತೆ. ಬರಿಗೈಲಿ ಹೋಗಬಾರದೆಂದು ತೋಟದ ಅವರೆಕಾಯಿ ಒಂದು ಚೀಲ ತೆಗೆದುಕೊಂಡು ಹೋಗಿದ್ದೆ.

ನೂರುಲ್ಲಾ ಡಿಕ್ಕಿಯೊಳಗೆ ತಲೆ ಹಾಕಿ ನೋಡಿ, "ಅಮ್ಮಾ, ಇಲಿ ತಿಂದಿರೋದು ಬರೀ ಪೇಪರ್ ಅಲ್ಲ. ನಿಮ್ಮ ಬೇಸ್ ಪೂರ್ತಿ ತಿಂದ್ಬಿಟ್ಟಿದೆ" ಎಂದ.

"ಬೇಸ್ ಅಂದ್ರೇನಪ್ಪ?"

"ಗುಂಯ್ ಅನ್ನುತ್ತಲ್ಲ, ಡೋಲಿನ ದಪ್ಪ ಸದ್ದು, ಅದು."

"ನಂಗೆ ಬೇಕಾಗಿರೋದೂ ಅದೇ. ಉಳಿದಿದ್ದು ನನ್ನ ಗಂಟಲಲ್ಲಿ ಐತೆ."

ಅವನು ಚೆನ್ನಾಗಿ ವಿವರಿಸಿದ. ದೊಡ್ಡ ಸ್ಪೀಕರ್, ಮೊಟ್ಟೆಯಾಕಾರದ್ದು, ಹಾಕಿದರಷ್ಟೇ ಸಾಲದು. ಈಗಿರುವ ಹಲಗೆ ತೆಳು ರಟ್ಟಿನಂಥದು, ಸ್ಪೀಕರಿನ ಜೊತೆ ತಾನೂ ಅದುರುತ್ತದೆ. ದಪ್ಪ ಪ್ಲೈವುಡ್ ಕೊಯ್ದು ಕೂರಿಸಬೇಕು. ಸೀಟಿಗೂ ಡಿಕ್ಕಿಗೂ ನಡುವೆ ಇರುವ ಸಂದಿಯೆಲ್ಲ ಮುಚ್ಚಬೇಕು. ಆಗ ಡಿಕ್ಕಿಯೇ ಪೆಟ್ಟಿಗೆಯ ಹಾಗೆ ಆಗಿ ದಪ್ಪ ಸದ್ದು ನಿಲ್ಲುತ್ತದೆ.

ನಾನು ಬೆರಳ ಗೆಣ್ಣಿನಿಂದ ಹಳೆಯ ಹಲಗೆ ಬಾರಿಸಿ ನೋಡಿದೆ. ಮಡಕೆ ಕೊಳ್ಳುವಾಗ ಎಲ್ಲರೂ ಮಾಡುವುದೇ. "ಇದು ಬೆಂದೇ ಇಲ್ಲ" ಎಂದೆ. "ಬಾಯಿ ಒಡೆದ ಗುಡಾಣಕ್ಕೆ ಗುಂಯ್ ಅನ್ನು ಅಂದ್ರೆ ಎಲ್ಲಿಂದ ಅನ್ನುತ್ತೆ?"

ನೂರುಲ್ಲಾ ನನ್ನ ಮಗನ ಕಡೆ ತಿರುಗಿದ. "ಅಣ್ಣಾ, ನಾನು ಒಂದು ಗಂಟೆ ಹೇಳಿದ್ದನ್ನ ಅಮ್ಮ ಒಂದೇ ಮಾತಲ್ಲಿ ಹೇಳಿಬಿಟ್ರು. ಇವರನ್ನ ಅಂಗಡೀಲೇ ಬಿಟ್ಟೋಗಿ."

"ಬಿಟ್ಟೋಗ್ತೀನಿ ಗುರು, ಆಮೇಲೆ ವಾಪಸ್ ತಗೋ ಅನ್ಬಾರ್ದು" ಎಂದ ನನ್ನ ಮಗ. ಇವನನ್ನು ನಾನು ಹತ್ತು ತಿಂಗಳು ಹೊತ್ತಿದ್ದೆ.

ಅಂಗಡಿಯ ಹಿಂದೆಯೇ ಮನೆ. ನೂರುಲ್ಲಾನ ತಾಯಿ ಕನೀಜ್ ಒಳಗೆ ಕರೆದು ಚಹಾ ಕೊಟ್ಟಳು. ಇಬ್ಬರೂ ಮೊರ ನಡುವೆ ಇಟ್ಟುಕೊಂಡು ನಾನು ತಂದ ಅವರೆಕಾಯಿಯನ್ನೇ ಸುಲಿದೆವು. ನಾನು ಏನೋ ಕೇಳಿದೆ. ಅವಳು, "ಈ ಕಡೆ ಬಂದು ಕೂತ್ಕೊಳ್ಳಿ ಅಕ್ಕಾ, ನಂಗೆ ಎಡಗಿವಿ ಹೋಗಿ ನಾಲ್ಕು ವರ್ಷ ಆಯ್ತು" ಎಂದಳು. ಹಾಲು ಒಡೆಯಿತು ಎನ್ನುವಷ್ಟು ಸಲೀಸಾಗಿ ಹೇಳಿದಳು. ಅವಳ ಬದಲಿಗೆ ನನಗೆ ನಾಚಿಕೆಯಾಯಿತು.

ಆಮೇಲೆ ಅವಳು ನಿಧಾನವಾಗಿ, ನನ್ನ ಮುಖಕ್ಕೆ ನೇರವಾಗಿ ಮಾತಾಡಿದಳು. ಒಂದು ಮಾತೂ ಹಾಳಾಗಲಿಲ್ಲ. ಮಾತಾಡುವುದು ಹೇಗೆಂದು ನಮ್ಮ ಮನೆಯವರು ಅವಳನ್ನು ನೋಡಿ ಕಲಿಯಬೇಕು.

ಜನವರಿ ೨೮, ಮಂಗಳವಾರ

ಸ್ಪೀಕರ್ ಬಂದಿದೆಯಂತೆ. ಮಂಗಳವಾರ ಕಬ್ಬಿಣ ಹೊಸದಾಗಿ ಮುಟ್ಟುವುದು ಬೇಡ ಎಂದೆ.

ಹಿತ್ತಿಲಿನ ಹುಣಸೆಮರದ ಗುಬ್ಬಿಗಳು ಈ ವರ್ಷ ಬಂದೇ ಇಲ್ಲ. ವನಜಾಕ್ಷಿಗೆ ಹೇಳಿದರೆ ಅವಳು ಮರ ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಕುಕ್ಕರಿನ ವಿಷಲ್ಲೂ ಕೆಟ್ಟಿದೆ. ಬೇಳೆ ತಳ ಹಿಡಿಯಿತು, ಬೈಸಿಕೊಂಡವಳು ನಾನು.

ಜನವರಿ ೩೦, ಗುರುವಾರ

ಇವತ್ತು ಕೆಲಸ ಆಯಿತು. ನೂರುಲ್ಲಾ ಬೆಳಗಿನಿಂದ ಬೆವರು ಸುರಿಸಿ ಹಲಗೆ ಕೂರಿಸಿದ. ಮುಕ್ಕಾಲು ಅಂಗುಲ ದಪ್ಪ. ಬಾರಿಸಿದರೆ ಮುಚ್ಚಿದ ಬಾಗಿಲಿನ ಸದ್ದು. ಸಂದಿಗಳಿಗೆಲ್ಲ ಹಳೆ ಕಂಬಳಿ ತುರುಕಿ ಅಂಟು ಬಳಿದ. ಸ್ಪೀಕರ್ ಎರಡೂ ಒಳ್ಳೆಯ ಗಾತ್ರ, ಒಂದು ಮಗುವನ್ನು ಮಲಗಿಸುವ ಮೊರದಷ್ಟು. ಒಂದನ್ನು ನೇರ ಕೂರಿಸಿದ. ಇನ್ನೊಂದಕ್ಕೆ ಡಿಕ್ಕಿಯ ಕಬ್ಬಿಣ ಅಡ್ಡ ಬಂತೆಂದು ತಿರುಗಿಸಿ ಕೂರಿಸಿದ. ವೈರು ಸಿಕ್ಕಿಸಿ, ನಮಾಜಿಗೆ ಹೊತ್ತಾಯಿತು, ಬಂದು ಹಾಕಿ ನೋಡೋಣ ಎಂದು ಹೋದ. ಮಗ ಚಹಾಕ್ಕೆ ಹೋದ.

ನಾನು ಅರಿಶಿನ ಕುಂಕುಮ ತಂದಿದ್ದೆ. ಹೊಸದಾಗಿ ಬಂದದ್ದಕ್ಕೆ ಪೂಜೆ ಮಾಡದೆ ಸದ್ದು ಹೊರಡಿಸಬಾರದು. ಡಿಕ್ಕಿಯ ಕಡೆಯಿಂದ ಬಗ್ಗಿ ಕುಂಕುಮ ಇಡುವಾಗ ನೋಡಿದೆ. ಒಂದು ಸ್ಪೀಕರಿನಲ್ಲಿ ಕೆಂಪು ವೈರು ಬಲಕ್ಕಿದೆ, ಕಪ್ಪು ಎಡಕ್ಕಿದೆ. ಸರಿಯಾಗಿದೆ. ಇನ್ನೊಂದರಲ್ಲಿ ಕೆಂಪು ಎಡಕ್ಕೆ, ಕಪ್ಪು ಬಲಕ್ಕೆ. ಮದುವೆ ಹೆಣ್ಣು ಕೂರುವ ಗಾಡಿ. ಅವಸರದಲ್ಲಿ ಪಾಪ ನೋಡಿಲ್ಲ. ಮೂಗುತಿ ತಿರುಪಿನಷ್ಟು ಕಷ್ಟವೂ ಇರಲಿಲ್ಲ, ಎಳೆದರೆ ಬಂತು, ಒತ್ತಿದರೆ ಕೂತಿತು. ಎರಡರಲ್ಲೂ ಕೆಂಪು ಬಲಕ್ಕೆ ಬರುವ ಹಾಗೆ ಮಾಡಿದೆ. ನೋಡಲೂ ಲಕ್ಷಣವಾಗಿ ಕಂಡಿತು. ಹೇಳಿದರೆ ಅವನಿಗೆ ಅವಮಾನವಾದೀತು ಎಂದು ಹೇಳಲಿಲ್ಲ.

ಬಂದು ಕ್ಯಾಸೆಟ್ ಹಾಕಿದ. ನನ್ನ ದನಿ ಬಂತು, ಕೃಷ್ಣಮ್ಮನ ದನಿ ಬಂತು. ಡೋಲು ಬರಲಿಲ್ಲ.

ನೂರುಲ್ಲಾ ಹಣೆ ಸುಕ್ಕು ಮಾಡಿಕೊಂಡು ಹಲಗೆ ಒತ್ತಿ ನೋಡಿದ, ಇನ್ನಷ್ಟು ಕಂಬಳಿ ತುರುಕಿದ. ಮಗ "ವೈರ್ ನೋಡು ಗುರು" ಎಂದರೆ, "ವೈರ್ ನಾನೇ ಹಾಕಿದ್ದಣ್ಣಾ, ಅದರಲ್ಲಿ ತಪ್ಪಿರಲ್ಲ. ಹಲಗೆ ಸ್ವಲ್ಪ ದಿನ ಕೂರಲಿ" ಎಂದ.

ಕೂರಲಿ. ಹೊಸ ಸೊಸೆಗೂ ಒಂದು ವಾರ ಬೇಕು.

ಫೆಬ್ರವರಿ ೩, ಸೋಮವಾರ

ನಾಲ್ಕು ದಿನವಾಯಿತು. ಡೋಲು ಇಲ್ಲ.

ಮಗನನ್ನು ಕೂರಿಸಿ ಕೇಳಿಸಿದೆ. "ಚೆನ್ನಾಗೈತಲ್ಲವ್ವ" ಎಂದ. ಅವನಿಗೆ ಕೇಳಿಸುತ್ತಿದೆ.

ಸ್ಪೀಕರ್ ಹೊಸದು, ಹಲಗೆ ಹೊಸದು, ವೈರು ಹೊಸದು. ಆ ಗಾಡಿಯಲ್ಲಿ ಹಳೆಯದು ನಾನೊಬ್ಬಳೇ.

ಫೆಬ್ರವರಿ ೬, ಗುರುವಾರ

ಪಿಳ್ಳಮ್ಮನಿಗೆ ಹೇಳಿಬಿಟ್ಟೆ. ಮೈಕ್ ಸೆಟ್‌ನವರೇ ಹಾಕಲಿ, ನನಗೆ ಗಂಟಲು ಸರಿಯಿಲ್ಲ ಎಂದು. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮಾತಿಗೆ ಅವಳು ಮೊರ ಕೆಳಗಿಟ್ಟದ್ದು ಇದೇ ಮೊದಲು. ಬಿಸಿನೀರಿಗೆ ಮೆಣಸು ಹಾಕಿ ತಂದುಕೊಟ್ಟಳು. ಗಂಟಲಿಗೆ ಏನೂ ಆಗಿಲ್ಲ ಎಂದು ಅವಳಿಗೂ ಗೊತ್ತು. ಆದರೂ ಪೂರ್ತಿ ಕುಡಿದೆ.

ಸಂಜೆ ವನಜಾಕ್ಷಿ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಬಾಯಿ ಆಡುತ್ತಿತ್ತು. ಮುಖ ಸೀರೆಯಲ್ಲಿ ಹುದುಗಿತ್ತು. ಏನು ಹೇಳಿದಳೋ. ತಲೆ ಸವರಿದೆ.

ಫೆಬ್ರವರಿ ೧೦, ಸೋಮವಾರ

ಇವತ್ತು ತುಂಬಾ ಬರೆಯುವುದಿದೆ.

ಹಪ್ಪಳ ಒತ್ತಲು ಕೃಷ್ಣಮ್ಮ ಕೋಗಿಲಿನಿಂದ ಬಂದಳು. ನಾನು ಕರೆದಿರಲಿಲ್ಲ. ಕರೆಯದೆ ಬರುವುದರಲ್ಲಿ ಅವಳು ಎತ್ತಿದ ಕೈ. ಹಿತ್ತಿಲಲ್ಲಿ ಚಾಪೆ ಹಾಸಿ ಕೂತೆವು. ಈ ತುದಿಗೆ ನಾನು, ಆ ತುದಿಗೆ ಅವಳು, ನಡುವೆ ವನಜಾಕ್ಷಿ. ನಾನು ಅವಳ ಜೊತೆ ಮಾತು ಬಿಟ್ಟಿರುವುದರಿಂದ ಎಲ್ಲವೂ ವನಜಾಕ್ಷಿಯ ಮೂಲಕವೇ ನಡೆಯಬೇಕಾಯಿತು.

"ವನಜೀ, ನಿಮ್ಮಜ್ಜಿಗೆ ಯೇಳು, ಇಟ್ಟು ಗಟ್ಟಿಯಾಯ್ತು ಅಂತ" ಎಂದಳು ಅವಳು.

"ಇಟ್ಟು ಗಟ್ಟಿಯಾಗಿಲ್ಲ, ಒತ್ತೋರ ಕೈ ಸೋತೈತೆ ಅಂತ ಯೇಳವ್ವ" ಎಂದೆ ನಾನು.

"ಸೋಬಾನೆ ಆಡಲ್ಲ ಅಂದ್ರಂತಲ್ಲ, ಯಾಕಂತೆ ಕೇಳು."

"ಗಂಟಲು ಸರಿಯಿಲ್ಲ ಅಂತ ಯೇಳು."

"ಬಯ್ಯಕ್ಕೆ ಚೆನ್ನಾಗೇ ಐತಲ್ಲ ಗಂಟಲು, ಅಂತ ಯೇಳು."

ವನಜಾಕ್ಷಿ ಎದ್ದು ನಿಂತಳು. "ಇಬ್ರೂ ಎಷ್ಟು ಬೇಕಾದ್ರೂ ಜಗಳ ಆಡ್ಕೊಳ್ಳಿ, ನಾನು ಕಾರಲ್ಲಿ ಕೂತ್ಕೊಂಡು ನಿಮ್ಮಿಬ್ಬರ ಹಾಡನ್ನೇ ಕೇಳ್ತೀನಿ, ಅದ್ರಲ್ಲಾದ್ರೂ ಒಟ್ಟಿಗಿದ್ದೀರಿ" ಎಂದು ಕೈ ಕೂಡ ತೊಳೆಯದೆ ಹೋಗಿ ಕ್ಯಾಸೆಟ್ ಹಾಕಿದಳು. ಕೃಷ್ಣಮ್ಮ ಹಪ್ಪಳದ ಹಿಟ್ಟಿನ ಕೈಯಲ್ಲೇ ಅವಳ ಹಿಂದೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಗಾಡಿಗೆ ಹಿಟ್ಟು ಅಂಟೀತು ಎಂದು ನೋಡಲಿಕ್ಕೆ.

ಕೃಷ್ಣಮ್ಮ ಹಿಂದಿನ ಸೀಟಿನಲ್ಲಿ ಕತ್ತು ಓರೆ ಮಾಡಿಕೊಂಡು ಕೂತಿದ್ದಳು. ಬಾಗಿಲ ಹತ್ತಿರ ನಿಂತ ನನ್ನ ಕಡೆ ನೇರವಾಗಿ ತಿರುಗಿ, ದೊಡ್ಡದಾಗಿ ಬಾಯಿ ಬಿಟ್ಟು ಕೇಳಿದಳು:

"ಇದೇನಕ್ಕ ಇದು, ಡೋಲೇ ಇಲ್ವಲ್ಲ?"

ನಾನು ಬಾಗಿಲು ಹಿಡಿದುಕೊಂಡೆ.

"ನಿಂಗೂ ಕೇಳ್ತಿಲ್ವೇನೆ?" ಎಂದೆ. ಎರಡು ತಿಂಗಳ ಮೇಲೆ ಅವಳ ಜೊತೆ ಆಡಿದ ಮೊದಲ ಮಾತು.

"ಇದ್ರೆ ತಾನೆ ಕೇಳೋದು. ಎಮ್ಮೆ ಕರು ಹಾಕ್ತೈತೆ ಅಂತ ಕಾಯ್ದು ಸಗಣಿ ಬಾಚಿದಂಗಾಯ್ತು. ಹೊಸಾದಂತೆ, ಹೊಸಾದು."

ವನಜಾಕ್ಷಿಯೂ ಇಲ್ಲ ಎಂದಳು. ಮಗನನ್ನು ಕರೆಸಿದೆ. ಅವನು ತಲೆ ಕೆರೆದುಕೊಂಡು, "ನಿಂಗೆ ಬೇಜಾರಾಗ್ತದೆ ಅಂತ ಚೆನ್ನಾಗೈತೆ ಅಂದೆ ಅವ್ವ" ಎಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬರುವುದಿಲ್ಲ. ಒಂದು ವಾರ ನನ್ನನ್ನು ನನ್ನ ಕಿವಿಯ ಮೇಲೆ ಅನುಮಾನ ಪಡುವ ಹಾಗೆ ಮಾಡಿದ.

ಹಪ್ಪಳ ಮುನ್ನೂರು ಆಯಿತು. ಕೃಷ್ಣಮ್ಮ ಒತ್ತಿದ್ದು ತೆಳ್ಳಗಿದೆ, ಒಪ್ಪಿಕೊಳ್ಳಬೇಕು.

ಫೆಬ್ರವರಿ ೧೨, ಬುಧವಾರ

ಮತ್ತೆ ಗಂಗಾನಗರ. ಕೃಷ್ಣಮ್ಮನೂ ಬಂದಳು. ಅವಳನ್ನು ಬೇಡ ಎನ್ನುವವರು ಯಾರು.

ನೂರುಲ್ಲಾ ಇವತ್ತು ಎಲ್ಲ ಬಿಚ್ಚಿ ನೋಡುತ್ತೇನೆ ಎಂದು ಕೂತ. ಸ್ಪೀಕರುಗಳ ಮೇಲಿನ ಜಾಲರಿ ತೆಗೆದ. ಕ್ಯಾಸೆಟ್ ಹಾಕುವ ಯಂತ್ರದ ಹಿಂದಿನ ವೈರು ಕಳಚಿ, ಎರಡು ಸ್ಪೀಕರಿಗೂ ಹೋಗುವ ಕೆಂಪು ಒಟ್ಟು, ಕಪ್ಪು ಒಟ್ಟು ಸೇರಿಸಿ ಒಂದು ಟಾರ್ಚ್ ಸೆಲ್ಲು ಹಿಡಿದ. "ಸೆಲ್ಲು ಮುಟ್ಟಿಸಿದರೆ ಎರಡೂ ಒಟ್ಟಿಗೆ ಮೇಲೆ ಏಳಬೇಕಮ್ಮಾ. ಆದರೆ ಕಣ್ಣಿಗೆ ಕಾಣೋದು ಕಷ್ಟ."

"ತಾಳಪ್ಪ" ಎಂದೆ. ಡಿಕ್ಕಿಯ ಮೂಲೆಯಲ್ಲಿ ಮೂಟೆಯಿಂದ ಉದುರಿದ ರಾಗಿ ಇತ್ತು. ಎರಡು ಚಿಟಿಕೆ ತೆಗೆದು ಒಂದೊಂದರ ಮೇಲೆ ಒಂದೊಂದು ಚಿಟಿಕೆ ಹಾಕಿದೆ. ಕಪ್ಪು ಕಾಗದದ ಮೇಲೆ ಕೆಂಪು ರಾಗಿ, ಚೆನ್ನಾಗಿ ಕಾಣುತ್ತದೆ.

ನೂರುಲ್ಲಾ ಸೆಲ್ಲು ಮುಟ್ಟಿಸಿದ. ಈ ಕಡೆಯ ರಾಗಿ ಜಗುಲಿಯಿಂದ ಹಾರುವ ಮಕ್ಕಳ ಹಾಗೆ ಮೇಲೆ ಹಾರಿತು. ಆ ಕಡೆಯದು ಹಳ್ಳಕ್ಕೆ ಇಳಿಯಿತು. ಮತ್ತೆ ಮುಟ್ಟಿಸಿದ. ಮತ್ತೆ ಹಾಗೆಯೇ. ಒಂದು ಉಸಿರು ಬಿಡುವಾಗ ಇನ್ನೊಂದು ಉಸಿರು ಎಳೆದುಕೊಳ್ಳುತ್ತಿದೆ. ಒಂದೇ ರಾಗಿಕಲ್ಲಿಗೆ ಇಬ್ಬರು ಕೂತು, ಒಬ್ಬಳು ಹೀಗೆ ಎಳೆದರೆ ಇನ್ನೊಬ್ಬಳು ಹಾಗೆ ಎಳೆದ ಲೆಕ್ಕ. ಇಬ್ಬರಿಗೂ ಬೆವರು, ಕಲ್ಲು ಮಾತ್ರ ಕೂತಲ್ಲೇ ಕೂತಿರುತ್ತದೆ. ದಪ್ಪ ಸದ್ದು ಎಲ್ಲಿಂದ ಬರಬೇಕು.

ನೂರುಲ್ಲಾ ಡಿಕ್ಕಿಯೊಳಗೆ ಬಗ್ಗಿ ನೋಡಿದ. ಹೊರಗೆ ಬಂದಾಗ ಮುಖ ಸಣ್ಣದಾಗಿತ್ತು.

"ಒಂದರ ವೈರು ಅದಲು ಬದಲಾಗಿದೆ. ಹದಿನೈದು ವರ್ಷ ಆಯ್ತು ಈ ಕೆಲಸ ಹಿಡಿದು, ಹೀಗೆ ಒಂದು ಸಲವೂ ಮಾಡಿಲ್ಲ. ಕೈ ತಪ್ಪಿದೆ ಅಣ್ಣಾ. ಕೆಲಸ ಕಲಿಯೋ ಹುಡುಗರೂ ನಗೋ ಅಂಥ ತಪ್ಪು."

ಅವನ ತಾಯಿ ಕನೀಜ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪಕ್ಕದಲ್ಲಿ ಕೃಷ್ಣಮ್ಮ. ಅವಳ ಎದುರಿಗೆ ಬಾಯಿ ಬಿಡುವುದಕ್ಕಿಂತ ಸುಮ್ಮನಿದ್ದರೆ ಆಗುತ್ತಿತ್ತು. ವೈರು ಬದಲಾಗುತ್ತಿತ್ತು, ಡೋಲು ಬರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೂರುಲ್ಲಾ ಸೆಲ್ಲನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದ, ಕೆಳಗಿಡಲಿಲ್ಲ.

"ನಿನ್ನ ಕೈಯಲ್ಲಪ್ಪ, ನನ್ನ ಕೈ" ಎಂದೆ. "ನೀನು ನಮಾಜಿಗೆ ಓದಾಗ ನಾನೇ ಕಿತ್ತು ಹಾಕ್ದೆ. ಕೆಂಪು ಎಡಕ್ಕಿತ್ತು. ಮದುವೆ ಗಾಡಿ ಅಂತ ಬಲಕ್ಕೆ ಹಾಕ್ದೆ."

ಮಗ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ನಾನು ಕೃಷ್ಣಮ್ಮನ ನಗುವಿಗೆ ಕಾದೆ. ಕೋಗಿಲಿನ ಮದುವೆಗಿಂತ ದೊಡ್ಡದು ಇವತ್ತು ಅವಳ ಕೈಗೆ ಸಿಕ್ಕಿತ್ತು.

"ಕೆಂಪು ಬಲಕ್ಕೇ ಇರ್ಬೇಕು ಅನ್ನೋದೇನೋ ಸರಿ ಅಕ್ಕ" ಎಂದಳು ಕೃಷ್ಣಮ್ಮ. "ಆ ಸ್ಪೀಕರ್ ಮಾಡಿದ ಕಂಪನಿಯೋರು ತಿಳ್ಕೊಂಡು ಮಾಡ್ಬೇಕಿತ್ತು."

ನೂರುಲ್ಲಾನಿಗೆ ನಗು ತಡೆಯಲಾಗಲಿಲ್ಲ. ಕನೀಜ್ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು. ವೈರು ಅವನು ಹಾಕಿದ್ದ ಹಾಗೆಯೇ ಮತ್ತೆ ಹಾಕಿದ. ತಿರುಗಿಸಿ ಕೂರಿಸಿದ್ದಕ್ಕೆ ಅದರಲ್ಲಿ ಕೆಂಪು ಎಡಕ್ಕೇ ಇರಬೇಕಂತೆ, ಇರಲಿ. ಮೇಲೊಂದು ನಿಂಬೆಹಣ್ಣು ಇಟ್ಟರಾಯಿತು.

ಆಮೇಲೆ ನಮ್ಮಿಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ಕ್ಯಾಸೆಟ್ ಹಾಕಿದ. ಹೇಗೆ ಬರೆಯಲಿ. ಡೋಲು ಕಿವಿಗೆ ಬರಲಿಲ್ಲ, ಬೆನ್ನಿಗೆ ಬಂತು. ಹಲಗೆಯಿಂದ ಸೀಟಿಗೆ, ಸೀಟಿನಿಂದ ಬೆನ್ನುಮೂಳೆಗೆ. ಒಂದೊಂದು ಏಟೂ ಯಾರೋ ಅಂಗೈಯಲ್ಲಿ ಮೆಲ್ಲಗೆ ತಟ್ಟಿದ ಹಾಗೆ. ನನಗೆ ಗೊತ್ತಿಲ್ಲದೆಯೇ ಹಾಡು ಎತ್ತಿಬಿಟ್ಟಿದ್ದೆ. ಪಕ್ಕದಲ್ಲಿ ಕೂತ ಕೃಷ್ಣಮ್ಮ ಸೊಲ್ಲು ತೆಗೆದುಕೊಂಡಳು. ಕೊನೆಯವರೆಗೂ ಹಾಡಿದೆವು. ರಸ್ತೆಯಲ್ಲಿ ಸೈಕಲ್ ಇಳಿದು ಇಬ್ಬರು ನಿಂತಿದ್ದರಂತೆ.

"ಈ ಸ್ಪೀಕರಲ್ಲಿ ಬಳೆ ಸದ್ದು ಕೂಡ ಎಷ್ಟು ಚೆನ್ನಾಗಿ ಕೇಳ್ತೈತೆ ನೋಡಕ್ಕ" ಎಂದಳು ಕೃಷ್ಣಮ್ಮ. ನಾವೆಲ್ಲ ಚಪ್ಪಾಳೆ ತಟ್ಟುವಾಗಿನ ಬಳೆಯಂತೆ.

ಬಳೆ ಎಲ್ಲಿದೆ. ಕ್ಯಾಸೆಟ್ಟಿನಲ್ಲಿ ಬಳೆಯೇ ಇಲ್ಲ. ಅವಳಿಗೆ ಏನೋ ಭ್ರಮೆ. ಅಂತೂ ಸ್ಪೀಕರೂ ಸರಿ, ನನ್ನ ಕಿವಿಯೂ ಸರಿ ಎಂದು ಇವತ್ತು ಸಾಬೀತಾಯಿತು. ಕನೀಜ್ ಕೃಷ್ಣಮ್ಮನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಏನೋ ಹೇಳುತ್ತಿದ್ದಳು. ಹಪ್ಪಳದ ವಿಷಯ ಇರಬೇಕು.

ಫೆಬ್ರವರಿ ೧೬, ಭಾನುವಾರ

ಕೃಷ್ಣಮ್ಮ ದಿನವೂ ಕೋಗಿಲಿನಿಂದ ಬಸ್ಸಿನಲ್ಲಿ ಬರುತ್ತಾಳೆ. ದಿನವೂ ಒಂದು ಗಂಟೆ ಹಿಂದಿನ ಸೀಟಿನಲ್ಲಿ ಅಭ್ಯಾಸ. ಬ್ಯಾಟರಿ ಇಳಿಯಬಾರದೆಂದು ಮಗ ಎಂಜಿನ್ ಚಾಲೂ ಇಟ್ಟು, ತಾನು ಬೇವಿನಮರದ ಕೆಳಗೆ ಕೂತು ಪೆಟ್ರೋಲ್ ಮುಳ್ಳು ನೋಡಿಕೊಂಡು ನಿಟ್ಟುಸಿರು ಬಿಡುತ್ತಾನೆ. ಯಜಮಾನರು ಮೊನ್ನೆಯಿಂದ ಕಿರುಚುವುದು ಬಿಟ್ಟು ಹತ್ತಿರ ಬಂದು, ಭುಜ ಮುಟ್ಟಿ, ಆಮೇಲೆ ಮಾತಾಡುತ್ತಾರೆ. ಕೃಷ್ಣಮ್ಮ ಏನೋ ಬುದ್ಧಿ ಹೇಳಿರಬೇಕು. ಕೋಪ ಕಡಿಮೆಯಾದ ಮೇಲೆ ಮುಖಕ್ಕೂ ಕಳೆ ಬಂದಿದೆ.

ಒಂದೇ ಚಿಂತೆ. ಹಸೆಯ ಹತ್ತಿರಕ್ಕೆ ಕಾರು ಬರುವುದಿಲ್ಲ. ಕೃಷ್ಣಮ್ಮನಿಗೆ ಹೇಳಲಿಲ್ಲ. ಆದರೂ ಅವಳು, "ಅದರ ಯೋಚನೆ ನಂಗೆ ಬಿಡಕ್ಕ" ಎಂದಳು. ಯಾವುದರ ಯೋಚನೆಯೋ.

ಫೆಬ್ರವರಿ ೨೧, ಶುಕ್ರವಾರ

ಮದುವೆ ಮುಗಿಯಿತು. ಕಾಲು ಊದಿದೆ, ಕೂತೇ ಬರೆಯುತ್ತಿದ್ದೇನೆ.

ಛತ್ರದಲ್ಲಿ ಓಲಗದವರನ್ನು ಬಾಗಿಲ ಕಡೆ ಕೂರಿಸಿದ್ದರು. ಡೋಲಿನವನ ಕೈ ಆಡುವುದು ಜನರ ತಲೆಯ ಸಂದಿಯಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುತ್ತಿತ್ತು. ವನಜಾಕ್ಷಿ ಬಂದು ಹಸೆಯ ಮೇಲೆ ಕೂತಳು. ಎಲ್ಲರೂ ನನ್ನ ಕಡೆ ನೋಡಿದರು. ಎಲ್ಲಿ ಎತ್ತಬೇಕು ಎಂದು ಸುಳಿವೇ ಸಿಗಲಿಲ್ಲ.

ಆಗ ಬೆನ್ನಿಗೆ ಬಂತು. ಕಾರಿನಲ್ಲಿ ಬರುತ್ತಿದ್ದ ಜಾಗಕ್ಕೇ. ಕೃಷ್ಣಮ್ಮ ನನ್ನ ಪಕ್ಕಕ್ಕಲ್ಲ, ಸ್ವಲ್ಪ ಹಿಂದಕ್ಕೆ ಕೂತಿದ್ದಳು. ಅವಳ ಅಂಗೈ ನನ್ನ ಸೆರಗಿನ ಒಳಗೆ, ಬೆನ್ನುಮೂಳೆಯ ಮೇಲೆ, ಡೋಲಿನ ಏಟಿಗೆ ಏಟು. ಯಾರಿಗೂ ಕಾಣುವ ಹಾಗಿರಲಿಲ್ಲ. ಹಾಡು ಎತ್ತಿದೆ.

ಆರತಿಯದು, ಧಾರೆಯದು, ಹೆಣ್ಣು ಒಪ್ಪಿಸುವುದು. ಒಂದು ಸೊಲ್ಲೂ ತಪ್ಪಲಿಲ್ಲ. ಒಪ್ಪಿಸುವ ಹಾಡಿನಲ್ಲಿ ಪಿಳ್ಳಮ್ಮ ಅತ್ತಳು, ಗಂಡಿನ ಕಡೆಯ ಮುದುಕಿಯರೂ ಅತ್ತರು. ಮಗ ಕಂಬದ ಮರೆಗೆ ಹೋದ. ಮೈಕ್ ಸೆಟ್‌ನವನು ತನ್ನ ಸೋಬಾನೆ ಕ್ಯಾಸೆಟ್ಟನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ.

ಕೃಷ್ಣಮ್ಮನದು ಒನಕೆ ಹಿಡಿದ ಕೈ. ಇವತ್ತು ಪಿಳ್ಳಮ್ಮ ನೀರು ಹಾಕುವಾಗ ಬೆನ್ನು ಕೆಂಪಗಾಗಿದೆ ಎಂದಳು. ಹಾಡುವಾಗ ನೋಯುತ್ತಿತ್ತು. ಕೈ ತೆಗಿ ಎನ್ನಬೇಕೆಂದು ತೋಚಲಿಲ್ಲ.

ಗಾಡಿ ಹೊರಡುವಾಗ ನೂರುಲ್ಲಾನೇ ಬಂದು ಕ್ಯಾಸೆಟ್ ಹಾಕಿದ. ವನಜಾಕ್ಷಿ ಹಿಂದಿನ ಸೀಟಿನಲ್ಲಿ, ನಿಂಬೆಹಣ್ಣಿನ ಕೆಳಗೆ. ಎಲ್ಲರೂ ಕಿಟಕಿಯ ಹತ್ತಿರ ನುಗ್ಗಿದರು. ನಾನು ಹಿಂದೆ ಹೋಗಿ ಡಿಕ್ಕಿಯ ಮೇಲೆ ಅಂಗೈ ಇಟ್ಟೆ. ನನ್ನದೇ ಹಾಡಿನ ಡೋಲು ತಗಡಿನಲ್ಲಿ ಬಡಿಯುತ್ತಿತ್ತು. ಗಾಡಿ ಮುಂದೆ ಸರಿದು ಕೈ ಖಾಲಿಯಾಗುವವರೆಗೂ ಹಾಗೆಯೇ ನಿಂತಿದ್ದೆ.

ಧೂಳು ಇಳಿಯಿತು. ಕೃಷ್ಣಮ್ಮ ಪಕ್ಕದಲ್ಲಿ ನಿಂತು ಏನೋ ಅಂದಳು.

"ಏನೇ?" ಎಂದೆ. "ಈ ಕಡೆ ಬಂದು ಯೇಳು."

ಅವಳು ಸುತ್ತಿಕೊಂಡು ನನ್ನ ಬಲಗಡೆಗೆ ಬಂದಳು. ಎಲೆ ಹಾಕಿದ್ದಾರಂತೆ, ಕಡೇ ಪಂಕ್ತಿಯಂತೆ, ಪಾಯಸ ಇನ್ನೂ ಇದೆಯಂತೆ. ಹೋಗಿ ಒಟ್ಟಿಗೆ ಕೂತೆವು.